ಮೀಸೆ ಬೆಳೆಯುವ ತನಕ

"ಕ್ಷೌರದಂಗಡಿಗೆ ಹೋಗೋವಾಗ ಒಂದು ಮಾತು ಹೇಳಿ ಹೋಗ್ಬೇಕು ಅಂತ ಗೊತ್ತಾಗಲ್ವಾ ಭಾವ ನಿಮಗೆ?"

"ನನ್ನ ಮುಖ, ನನ್ನ ಕ್ಷೌರ! ನಿನ್ನ ಅಪ್ಪಣೆ ತಗೊಂಡು ಹೋಗ್ಬೇಕೇನೋ?"

"ಮುಖ ನಿಮ್ದೇ, ಯಾರು ಇಲ್ಲ ಅಂದ್ರು? ಆದ್ರೆ ಮಧ್ಯಾಹ್ನದ ಮೇಲೆ ಅದು ನನಗೆ ಬೇಕಾಗತ್ತೆ ಅಂತ ಗೊತ್ತಿತ್ತಲ್ಲ!"

"ಬೇಕಾದ್ರೆ ಹೀಗಾ ಬರೋದು? ಮನೆಗೆ ಬೆಂಕಿ ಬಿದ್ದವರ ಹಾಗೆ ಕೂಗ್ತಾ ಬಂದು ಫೋನ್ ತಂದು ಮೂಗಿಗೆ ಹಿಡೀತಾನೆ! ಕತ್ತಿ ಮೀಸೆಗೆ ಬಿತ್ತು. ಕುತ್ತಿಗೆಗೆ ಬಿದ್ದಿದ್ರೆ?"

"ಕುತ್ತಿಗೆಗೆ ಬಿದ್ದಿದ್ರೆ ಮುಖ ಹಾಗೇ ಉಳೀತಿತ್ತು. ಆ್ಯಪ್ ಒಪ್ಕೊಳ್ತಿತ್ತು."

ಮೀಸೆಯಣ್ಣ ಕೈಗೆ ಸಿಕ್ಕ ಹೆಲ್ಮೆಟ್ ಎತ್ತಿದ. ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಅವನ ಹೆಂಡತಿ ತುಳಿಯುವುದನ್ನು ನಿಲ್ಲಿಸಿ, "ಎಸೀರಿ, ಎಸೀರಿ. ಅದೊಂದು ಒಡೆಯೋದು ಬಾಕಿ ಇತ್ತು," ಎಂದಳು. ಹೆಲ್ಮೆಟ್ ಕೆಳಗಿಳಿಯಿತು.

ಅವನಿಗೆ ಮೀಸೆಯಣ್ಣ ಎಂದು ಹೆಸರಿಟ್ಟವರು ಹೋಟೆಲುಗಳ ಹಿಂಬಾಗಿಲಲ್ಲಿ ಪೊಟ್ಟಣಕ್ಕಾಗಿ ಕಾಯುವ ಡೆಲಿವರಿಯವರು. ಹೆಸರಿಗೆ ತಕ್ಕ ಮೀಸೆಯೇ ಅದು. ತುದಿ ಹುರಿಗೊಳಿಸಿ ಮೇಲಕ್ಕೆತ್ತಿದ್ದು, ಕಪ್ಪು ಬಣ್ಣ ಹಚ್ಚಿದ್ದು. ಹೆಂಡತಿ ಮಾತ್ರ ಆ ಬಣ್ಣದ ಡಬ್ಬಿ ನೋಡಿದಾಗಲೆಲ್ಲ "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎನ್ನುತ್ತಿದ್ದಳು. ಈಗ ಆ ಜಾಗದಲ್ಲಿ ಏನೂ ಇರಲಿಲ್ಲ. ಬಿಸಿಲು ಕಾಣದ ತುಟಿ ಸಿಪ್ಪೆ ಸುಲಿದ ಆಲೂಗಡ್ಡೆಯಂತೆ ಬೆಳ್ಳಗೆ ಕಾಣುತ್ತಿತ್ತು. ಅವನ ಡೆಲಿವರಿ ಐಡಿಯೂ ಮೀಸೆಯ ಜೊತೆಗೇ ಹೋಗಿತ್ತು. ಫೋನಿನಲ್ಲಿ ಕೆಂಪು ಅಕ್ಷರ: ಬ್ಲಾಕ್.

ಆದದ್ದು ಇಷ್ಟು. ಮೀಸೆಯಣ್ಣ ಮೊದಲು ಲಾರಿ ಓಡಿಸುತ್ತಿದ್ದ. ಸೊಂಟ ಕೈಕೊಟ್ಟ ಮೇಲೆ ಲಾರಿ ಬಿಟ್ಟು ಸ್ಕೂಟರ್ ಹಿಡಿದ, ಬೆನ್ನಿಗೆ ಚೌಕದ ಚೀಲ ಹಾಕಿದ. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಓಡಿಸಿದರೆ ಸೊಂಟ ಮುಂದಕ್ಕೆ ಬರುವುದಿಲ್ಲ ಎಂದು ಕೂತುಬಿಡುತ್ತಿತ್ತು. ಆ ಸಮಯಕ್ಕೆ ಸರಿಯಾಗಿ ಹೆಂಡತಿಯ ತಮ್ಮ ಒಂದು ಬಟ್ಟೆ ಚೀಲ ಹಿಡಿದು ಬಂದಿದ್ದ. ಅವನು ಫ್ರಿಜ್ಜು ಹೊತ್ತು ಇಳಿಸುತ್ತಿದ್ದ ಗೋದಾಮು ಬಾಗಿಲು ಹಾಕಿತ್ತು. ಅವನ ಹೆಂಡತಿ ತವರಿಗೆ ಹೋಗಿ ಕೂತಿದ್ದಳು. "ನಿನ್ನ ಹೆಸರಲ್ಲಿ ಒಂದು ಕೆಲಸ ಅಂತ ಆಗ್ಲಿ, ಆಮೇಲೆ ಕರಿಯೋಕೆ ಬಾ," ಎಂದು ಹೇಳಿ ಹೋಗಿದ್ದಳು. ಸ್ಕೂಟರ್ ಹತ್ತಿದರೆ ಹಾರಿಕೊಂಡು ಹೋಗುವ ಹಾಗೆ ಓಡಿಸುವುದರಿಂದ ಅವನಿಗೆ ಗಾಳಿ ಎಂದು ಹೆಸರು. ಆದರೆ ಗಾಳಿಯ ಲೈಸೆನ್ಸಿನ ಅವಧಿ ಮುಗಿದಿತ್ತು. ಲೈಸೆನ್ಸ್ ಇಲ್ಲದೆ ಐಡಿ ಇಲ್ಲ, ಐಡಿ ಇಲ್ಲದೆ ಆರ್ಡರ್ ಇಲ್ಲ.

ಹೀಗಾಗಿ ಮಧ್ಯಾಹ್ನದ ಮೇಲೆ ಭಾವನ ಐಡಿಯಲ್ಲಿ ಗಾಳಿ ಓಡಿಸುತ್ತಿದ್ದ. ಇದರಲ್ಲಿ ಒಂದೇ ತೊಡಕು. ಆ್ಯಪ್ ತನಗೆ ತೋಚಿದಾಗ "ನಿಮ್ಮ ಮುಖ ತೋರಿಸಿ" ಎಂದು ಕೇಳುತ್ತದೆ. ತೋರಿಸಿದ ಮುಖ ಅದರಲ್ಲಿರುವ ಫೋಟೋಗೆ ಹೊಂದಬೇಕು. ಅದಕ್ಕೇ ಗಾಳಿ ದೂರದ ಆರ್ಡರ್ ಹಿಡಿಯುತ್ತಿರಲಿಲ್ಲ. ಕೇಳಿದ ಕೂಡಲೇ ಸ್ಕೂಟರ್ ತಿರುಗಿಸಿ ಮನೆಗೆ ಬಂದು ಕಿಟಕಿಯಲ್ಲಿ ಫೋನ್ ಹಿಡಿಯುತ್ತಿದ್ದ. ಕಂಪನಿಯ ಟೀ ಶರ್ಟ್ ಹಾಕಿಕೊಂಡೇ ಮಲಗುತ್ತಿದ್ದ ಮೀಸೆಯಣ್ಣ ಎದ್ದು, ಮೀಸೆ ತಿರುವಿ, ಒಂದು ಮುಖ ಕೊಟ್ಟು ಮತ್ತೆ ಮಲಗುತ್ತಿದ್ದ. ಮನೆಯಲ್ಲಿ ಅದಕ್ಕೆ ಮಾತೇ ಹುಟ್ಟಿತ್ತು: "ಮುಖ ಕೊಡೋದು". "ಸ್ನಾನಕ್ಕೆ ಹೋಗ್ತೀರಾ? ಮುಖ ಕೊಟ್ಟಾಯ್ತಾ?" ಎಂದು ಹೆಂಡತಿ ಕೇಳುತ್ತಿದ್ದಳು. ಒಮ್ಮೆ ಕಿವಿಗೆ ಸೋಪು ಮೆತ್ತಿಕೊಂಡೇ ಮುಖ ಕೊಟ್ಟಿದ್ದ. ಆ್ಯಪ್ ಅದನ್ನೂ ಒಪ್ಪಿತ್ತು.

ಆವತ್ತು ಮೀಸೆಯಣ್ಣ ಹೇಳದೆ ಕೇಳದೆ ಕ್ಷೌರಕ್ಕೆ ಹೋದ. ಆ್ಯಪಿಗೆ ಅದೇ ಹೊತ್ತಿಗೆ ಮುಖ ನೋಡುವ ಆಸೆಯಾಯಿತು. ಗಾಳಿ ಮನೆಗೆ ಬಂದು, ಅಲ್ಲಿಂದ ಅಂಗಡಿಗೆ ಓಡಿ, "ಭಾವಾ, ಮುಖ!" ಎಂದು ಕಿರುಚಿ ಕ್ಷೌರಿಕನ ಹೆಗಲ ಮೇಲಿಂದ ಫೋನ್ ಚಾಚಿದ. ಕ್ಷೌರಿಕ ಬೆಚ್ಚಿದ. ಅವನ ಕೈಯ ಕತ್ತಿಯೂ ಬೆಚ್ಚಿತು. ಎಡಗಡೆಯ ಅರ್ಧ ಮೀಸೆ ನೊರೆಯ ಜೊತೆ ಮಡಿಲಿಗೆ ಬಿತ್ತು. ಮೊದಲ ಫೋಟೋದಲ್ಲಿ ಬರೀ ನೊರೆ. ಆಗಲಿಲ್ಲ. ಒರೆಸಿಕೊಂಡು ತೆಗೆದ ಎರಡನೆಯದರಲ್ಲಿ ಅರ್ಧ ಮೀಸೆಯ ಮನುಷ್ಯ. ಅದೂ ಆಗಲಿಲ್ಲ. ಇನ್ನು ಒಂದೇ ಅವಕಾಶ ಎಂದು ಫೋನು ಎಚ್ಚರಿಸಿತು. ಕ್ಷೌರಿಕ ಪಾಪ, ಉಪಕಾರ ಮಾಡಲು ಹೋದ. "ಅರ್ಧ ಇದ್ದಿದ್ದಕ್ಕೇ ಅದಕ್ಕೆ ಗುರುತು ಸಿಗ್ಲಿಲ್ಲ ಅಣ್ಣ. ಸಮ ಮಾಡ್ತೀನಿ ಇರಿ," ಎಂದವನೇ ಉಳಿದರ್ಧವನ್ನೂ ಎತ್ತಿದ. ಗಾಳಿಗೂ ಅದು ಸರಿ ಎನಿಸಿತು. ಅವಸರದಲ್ಲಿ ಮೀಸೆಯಣ್ಣನಿಗೂ ಸರಿ ಎನಿಸಿತು. ಸತ್ಯ ಹೇಳಬೇಕೆಂದರೆ "ಬೇಗ ಎತ್ತಯ್ಯಾ" ಎಂದವನು ಅವನೇ. ಮೂರನೆಯ ಫೋಟೋದಲ್ಲಿ ಬಿದ್ದದ್ದು ಆ್ಯಪ್ ಜನ್ಮದಲ್ಲಿ ಕಂಡಿರದ ಮನುಷ್ಯ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇಲ್ಲಿ ಮೀಸೆ ಬಿದ್ದು ಜಟ್ಟಿ ಮಣ್ಣಾದ.

ಮರುದಿನದಿಂದ ಮೀಸೆಯಣ್ಣ ಫೋನಿನ ಜೊತೆ ಜಗಳಕ್ಕೆ ಕೂತ. ಸಹಾಯ ಎಂದು ಬರೆದ ಕಡೆ ಒತ್ತಿದರೆ, "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ" ಎಂದು ಬರುತ್ತಿತ್ತು. "ವಿಷಾದ ಇಟ್ಕೊಂಡು ಏನು ಮಾಡ್ಲಿ, ಐಡಿ ಕೊಡಿ" ಎಂದು ಒಂದೊಂದೇ ಅಕ್ಷರ ಕುಟ್ಟಿದ. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ." ಬಾಯಿಗೆ ಬಂದದ್ದನ್ನೆಲ್ಲ ಬರೆದ, ಬರೆಯಬಾರದ್ದನ್ನೂ ಬರೆದ. ಆಗ, "ನಮ್ಮ ಸೇವೆ ನಿಮಗೆ ಹೇಗೆ ಅನಿಸಿತು? ನಕ್ಷತ್ರ ಕೊಡಿ" ಎಂದಿತು.

"ಇದರೊಳಗೆ ಯಾರಾದ್ರೂ ಮನುಷ್ಯರು ಇದಾರೇನೋ?" ಎಂದು ಫೋನನ್ನು ಗಾಳಿಯ ಮುಂದೆ ಹಿಡಿದ.

"ಇದ್ದಿದ್ರೆ ನೀವು ಬರ್ದಿದ್ದಕ್ಕೆ ಇಷ್ಟೊತ್ತಿಗೆ ಮನೆ ಬಾಗಿಲಿಗೆ ಹೊಡೆಯೋಕೆ ಬಂದಿರೋರು ಭಾವ."

ಆಫೀಸಿಗೇ ಹೋದ. ಹಾಸಿಗೆ ಮಾರುವ ಅಂಗಡಿಯೊಂದರ ಮೇಲಿನ ಮಹಡಿ. ಮೆಟ್ಟಿಲ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡ ಕಾವಲುಗಾರ.

"ಎಲ್ಲಾ ಆ್ಯಪಲ್ಲೇ ಸಾರ್. ಮೇಲೆ ಬಿಡೋ ಹಾಗಿಲ್ಲ."

"ಆ್ಯಪ್ ತೆರೀತಿಲ್ಲ ಅಂತಾನೇ ಬಂದಿರೋದು."

"ಹಾಗಾದ್ರೆ ಟೋಕನ್ ತಗೊಂಡು ಬನ್ನಿ."

"ಟೋಕನ್ ಎಲ್ಲಿ ಕೊಡ್ತಾರೆ?"

"ಆ್ಯಪಲ್ಲಿ."

ಮೀಸೆಯಣ್ಣ ಎತ್ತಿದ ದನಿಗೆ ಹಾಸಿಗೆ ಅಂಗಡಿಯವರೂ ಹೊರಗೆ ಬಂದರು. ಕೊನೆಗೆ, "ಹೋಗಪ್ಪಾ, ಹೋಗು. ನನ್ನ ಕೆಲಸ ತೆಗೆಸ್ಬೇಡ," ಎಂದು ಕಾವಲುಗಾರ ಕುರ್ಚಿ ಸರಿಸಿದ.

ಮೇಲೆ ಉದ್ದನೆಯ ಮೇಜು, ಅದರ ಹಿಂದೆ ಒಬ್ಬಳೇ ಹುಡುಗಿ. ಡ್ರಾಯರ್ ಅರ್ಧ ತೆರೆದು ಬಿಸ್ಕತ್ತು ತಿನ್ನುತ್ತಿದ್ದಳು. ಅವಳ ಮುಂದಿನ ಪರದೆಯಲ್ಲಿ ಮೀಸೆಯಣ್ಣನ ಹಳೆಯ ಫೋಟೋ ಬಂತು. ಮೀಸೆ ಪರದೆಯ ಆ ಕಡೆಯಿಂದ ಈ ಕಡೆಗೆ ಹರಡಿತ್ತು. ಅವಳು ಫೋಟೋ ನೋಡಿದಳು, ಅವನನ್ನು ನೋಡಿದಳು.

"ಇದು ನೀವಲ್ಲ."

"ನಾನೇ ತಾಯಿ. ಮೀಸೆ ಒಂದು ಇಲ್ಲ, ಅಷ್ಟೇ."

"ನನಗೆ ಕಾಣ್ತಿದೆ ಸಾರ್. ಸಿಸ್ಟಮ್‌ಗೆ ಕಾಣಲ್ಲ."

"ಹಾಗಾದ್ರೆ ನೀನು ಯಾತಕ್ಕೆ ಇಲ್ಲಿ ಕೂತಿರೋದು?"

ಅದು ಕೇಳಬಾರದ ಪ್ರಶ್ನೆ. ಹುಡುಗಿಯ ಮುಖ ಕೆಂಪಾಯಿತು. ಆದರೂ ತಡೆದುಕೊಂಡು, "ಮೀಸೆ ಬೆಳೆಸ್ಕೊಂಡು ಬನ್ನಿ. ಮುಖ ಹೊಂದಿದ್ರೆ ಮುಂದಿನದು ನೋಡೋಣ," ಎಂದಳು.

ಮನುಷ್ಯ ಮಳೆಗೆ ಕಾಯುತ್ತಾನೆ, ಬಸ್ಸಿಗೆ ಕಾಯುತ್ತಾನೆ. ಮೀಸೆಗೆ ಕಾದವನನ್ನು ಆ ಬೀದಿ ಕಂಡಿರಲಿಲ್ಲ. ಬೆಳಿಗ್ಗೆ ಎದ್ದರೆ ಕನ್ನಡಿ, ಮಲಗುವ ಮುಂಚೆ ಕನ್ನಡಿ. ಚೌಕದ ಚೀಲ ಗೂಟಕ್ಕೆ ನೇತುಬಿದ್ದಿತ್ತು. ಹೆಂಡತಿ ಊರವರ ಬಟ್ಟೆಯನ್ನೆಲ್ಲ ತಂದು ಮೆಷಿನ್ನಿನ ಮುಂದೆ ರಾಶಿ ಹಾಕಿಕೊಂಡಳು. ಗಂಡ ಕನ್ನಡಿಯ ಮುಂದೆ ನಿಂತದ್ದು ಕಂಡಾಗಲೆಲ್ಲ ಮೆಷಿನ್ನನ್ನು ಜೋರಾಗಿ ತುಳಿಯುತ್ತಿದ್ದಳು. ಹೋಟೆಲಿನ ಹಿಂಬಾಗಿಲ ಕಡೆ ಹೋದರೆ ಡೆಲಿವರಿಯವರು, "ಮೀಸೆಯಣ್ಣ, ಎಷ್ಟು ಬಂತು ಬೆಳೆ?" ಎಂದು ಕೇಳುತ್ತಿದ್ದರು. ಆ ಕಡೆ ಹೋಗುವುದನ್ನೇ ಬಿಟ್ಟ.

ಗಾಳಿ ಮಾತ್ರ ಸುಮ್ಮನೆ ಕೂರಲಿಲ್ಲ. ತನ್ನಿಂದಾದ ತಪ್ಪಿಗೆ ಅವನು ಬಾಯಲ್ಲಿ ಕ್ಷಮೆ ಕೇಳಿದವನಲ್ಲ. ಎಲ್ಲಿಂದಲೋ ಒಂದು ಎಣ್ಣೆ ಶೀಸೆ ತಂದು, "ದಿನಾ ಉಜ್ಜಿ ಭಾವ, ಬಂಡೆ ಮೇಲೂ ಕೂದಲು ಬರತ್ತಂತೆ," ಎಂದು ಕೊಟ್ಟ. ಬೆಳಿಗ್ಗೆ ತರಕಾರಿ ಮಂಡಿಯಲ್ಲಿ ಮೂಟೆ ಹೊತ್ತ. ಆ ದುಡ್ಡಲ್ಲಿ ಲೈಸೆನ್ಸ್ ಹೊಸದು ಮಾಡಿಸಿದ. ಅದು ಬಂದ ದಿನವೇ ತನ್ನ ಹೆಸರಿನಲ್ಲಿ ಐಡಿಗೆ ಅರ್ಜಿ ಹಾಕಿದ. ಹಳೆಯದೊಂದು ಹೆಲ್ಮೆಟ್ ಕೊಂಡು ತಂದು ಮೀಸೆಯಣ್ಣನದರ ಪಕ್ಕದ ಮೊಳೆಗೆ ತಗುಲಿಹಾಕಿದ. ಐಡಿ ಪರಿಶೀಲನೆಯಲ್ಲಿದೆ ಎಂದು ಫೋನು ಹೇಳುತ್ತಿತ್ತು. ದಿನಕ್ಕೆ ನೂರು ಸಲ ಅದನ್ನೇ ತೆಗೆದು ನೋಡುತ್ತಿದ್ದ.

"ಐಡಿ ಬಂದ ದಿನಾನೇ ಅವಳನ್ನ ಕರ್ಕೊಂಡು ಬರ್ತೀನಿ ಅಕ್ಕ. ಫೋನ್ ತೋರಿಸ್ತೀನಿ. ನೋಡು ಮಾರಾಯ್ತಿ, ನನ್ನ ಹೆಸರು, ನನ್ನ ಮುಖ ಅಂತೀನಿ."

"ನಿನ್ನ ಮುಖಾನೂ ಆ್ಯಪ್ ಒಪ್ಬೇಕಲ್ಲೋ," ಎಂದು ಅಕ್ಕ ನಕ್ಕಳು. ಆ ಮನೆಯಲ್ಲಿ ಬಹಳ ದಿನದ ಮೇಲೆ ಕೇಳಿದ ನಗು ಅದು.

ಮೀಸೆ ಬಂತು. ಬಂದದ್ದು ಬೆಳ್ಳಗೆ ಬಂತು. ಬಣ್ಣದ ಡಬ್ಬಿ ತೆರೆದಾಗ ಹೆಂಡತಿ ಈ ಸಲ ಮಲ್ಲಿಗೆಯ ಮಾತೆತ್ತಲಿಲ್ಲ. ತಾನೇ ಬ್ರಷ್ ಹಿಡಿದು ಹಚ್ಚಿದಳು. ಹಚ್ಚುತ್ತಲೇ ಪಾಠ ಹೇಳಿಕೊಟ್ಟಳು. "ಏನೇ ಕೇಳ್ಲಿ, ನಾನೇ ಓಡಿಸ್ತಿದ್ದೆ ಅನ್ನಿ. ಬೇರೆ ಮಾತು ಬೇಡ. ನಿಮ್ಮ ಕೋಪ ಇಲ್ಲೇ ಗೂಟಕ್ಕೆ ಹಾಕಿ ಹೋಗಿ."

"ನಾನೇ ಓಡಿಸ್ತಿದ್ದೆ," ಎಂದ ಮೀಸೆಯಣ್ಣ, ತುಟಿ ಅಲುಗಿಸದೆ.

"ಇನ್ನೊಂದ್ಸಲ."

"ನಾನೇ ಓಡಿಸ್ತಿದ್ದೆ ಕಣೆ!"

"ಸಿಟ್ಟಿಲ್ದೆ ಹೇಳಿ," ಎಂದ ಗಾಳಿ ಬಾಗಿಲಿನಿಂದ.

ಆಫೀಸಿನಲ್ಲಿ ಅದೇ ಹುಡುಗಿ. ಕ್ಯಾಮೆರಾ ಮುಂದೆ ಮುಖ ಕೊಟ್ಟ. ಪರದೆಯಲ್ಲಿ ಹಸಿರು ಬಂತು. ಮುಖ ಹೊಂದಿತು. ಮೀಸೆಯಣ್ಣ ಮೀಸೆ ತಿರುವಿದ. ಏಳಲು ಹೋದ.

"ಕೂತ್ಕೊಳ್ಳಿ ಸಾರ್. ಇನ್ನೊಂದಿದೆ. ಗಿರಾಕಿ ಒಬ್ರು ದೂರು ಬರೆದಿದಾರೆ. ಫೋಟೋದಲ್ಲಿ ಮೀಸೆಯವರು, ಬಾಗಿಲಿಗೆ ಬಂದಿದ್ದು ಚಿಕ್ಕ ವಯಸ್ಸಿನವರು ಅಂತ. ಯಾರು ಓಡಿಸ್ತಿದ್ರು?"

"ನಾನೇ ಓಡಿಸ್ತಿದ್ದೆ."

"ಸಾರ್, ಯಾರು ಅಂತ ಹೇಳಿದ್ರೆ ಇವತ್ತೇ ತೆರೀತೀನಿ. ಅವರ ಫೋನ್ ನಂಬರ್ ಮಾತ್ರ ನಮ್ಮ ಕಡೆ ಬಂದ್ ಆಗತ್ತೆ. ಪೊಲೀಸು ಗಿಲೀಸು ಏನಿಲ್ಲ. ಹೇಳ್ಲಿಲ್ಲ ಅಂದ್ರೆ ನಿಮ್ಮದೇ ಶಾಶ್ವತವಾಗಿ ಮುಚ್ಚತ್ತೆ."

"ನಾನೇ ಓಡಿಸ್ತಿದ್ದೆ ಅಂದ್ನಲ್ಲ."

ಹುಡುಗಿ ನಿಟ್ಟುಸಿರು ಬಿಟ್ಟಳು. ಅವಳಿಗೂ ಸಾಕಾಗಿತ್ತು. "ನಿಮ್ಮಂಥವರು ದಿನಾ ಬರ್ತಾರೆ. ಐಡಿ ಬಾಡಿಗೆಗೆ ಬಿಡೋದು, ಇನ್ನೊಬ್ಬರು ಬೆವರು ಸುರಿಸೋದು, ಮನೇಲಿ ಕೂತು ಕಮಿಷನ್ ತಿನ್ನೋದು. ಆಮೇಲೆ ಇಲ್ಲಿ ಬಂದು ನಾನೇ ಅನ್ನೋದು."

"ಬಾಡಿಗೆ?" ಮೀಸೆಯಣ್ಣ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. "ಯಾರಿಗಮ್ಮಾ ಹೇಳ್ತಿದೀಯ? ನಾನು ಕಮಿಷನ್ ತಿನ್ನೋನಾ? ನನ್ನ ಹೆಂಡ್ತಿ ತಮ್ಮ ಅವನು! ನನ್ನ ಮನೇಲಿ ಇರೋನು! ಅವನತ್ರ ಬಿಡಿಗಾಸು ಮುಟ್ಟಿದ್ರೆ ಈ ಕೈ ಸೇದಿ ಹೋಗ್ಲಿ!"

ಕೆಳಗೆ ಹಾಸಿಗೆ ಅಂಗಡಿಯವರು ಏನನ್ನೋ ಎಳೆಯುವ ಸದ್ದು ಕೇಳುತ್ತಿತ್ತು. ಹುಡುಗಿ ಗೆದ್ದವಳ ಹಾಗೇನೂ ಕಾಣಲಿಲ್ಲ. ಕೀಲಿಮಣೆಯ ಮೇಲೆ ಬೆರಳಿಟ್ಟು, ಮೆತ್ತಗೆ, "ನಂಬರ್ ಹೇಳಿ ಸಾರ್," ಎಂದಳು.

ಇಲ್ಲಿಯವರೆಗಿನದು ಕೋಪದ ಕೆಲಸ. ಇಲ್ಲಿಂದ ಮುಂದಿನದನ್ನು ಕೋಪದ ತಲೆಗೆ ಕಟ್ಟುವ ಹಾಗಿಲ್ಲ. ಮೀಸೆಯಣ್ಣ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ. ಅದರ ಮೇಲೆ ಕೂತ. ಮೊಳೆಯ ಮೇಲಿನ ಹೊಸ ಹೆಲ್ಮೆಟ್ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ರಾಶಿ ಬಿದ್ದ ಬಟ್ಟೆ ಬಂತು, ಕನ್ನಡಿ ಬಂತು, "ಎಷ್ಟು ಬಂತು ಬೆಳೆ" ಎಂದು ನಕ್ಕವರು ಬಂದರು. ಗಾಳಿಗೆ ಇನ್ನೂ ವಯಸ್ಸಿದೆ, ಮೂಟೆ ಹೊರುತ್ತಾನೆ, ಎಲ್ಲಾದರೂ ಬದುಕುತ್ತಾನೆ ಎಂದುಕೊಂಡ. ನನ್ನ ಸೊಂಟಕ್ಕೆ ಇದು ಬಿಟ್ಟರೆ ಬೇರೆ ಗತಿಯಿಲ್ಲ ಎಂದುಕೊಂಡ. ಎರಡೂ ಸುಳ್ಳಲ್ಲ. ನಂಬರ್ ಹೇಳಿದ. ಸರಿಯಾಗಿ ಕೇಳಿಸಲಿಲ್ಲ ಎಂದು ಹುಡುಗಿ ಅಂದಾಗ ಇನ್ನೊಮ್ಮೆ ಹೇಳಿದ.

ಫೋನು ಅವನ ಕೈಯಲ್ಲೇ ಉಲಿಯಿತು. ಮೆಟ್ಟಿಲು ಇಳಿಯುವಷ್ಟರಲ್ಲಿ ಮೊದಲ ಆರ್ಡರ್ ಬಂತು. ಹಿಡಿದ. ಅದು ಮುಗಿಯುವ ಮುಂಚೆ ಇನ್ನೊಂದು. ಹೋಟೆಲಿನ ಹಿಂಬಾಗಿಲಲ್ಲಿ ಡೆಲಿವರಿಯವರು "ಮೀಸೆ ಬಂತು, ಮೀಸೆ ಬಂತು!" ಎಂದು ಕೂಗಿ ಬೆನ್ನಿಗೆ ಹೊಡೆದರು. ಅವನೂ ನಕ್ಕ. ಸೊಂಟ ಕೂಗಿಕೊಂಡರೂ ಕೇಳದೆ ಹೊತ್ತಿಳಿಯುವ ತನಕ ಓಡಿಸಿದ. ಮನೆಗೆ ಹೋಗುವುದನ್ನು ಮುಂದೂಡಬೇಕಿತ್ತು ಅಷ್ಟೇ. ಆದರೆ ಗಾಲಿ ತಿರುಗುವಾಗ ಮನಸ್ಸಿಗೆ ಹಿತವಾಗಿದ್ದದ್ದೂ ನಿಜ.

ಮನೆಗೆ ಬಂದಾಗ ಹೆಂಡತಿ ಒಲೆಯ ಮುಂದೆ ಇದ್ದಳು. "ತೆರೀತಂತಲ್ಲ! ಕ್ಷೌರದಂಗಡಿಯವನು ಹೇಳಿದ, ನೀವು ಹಾರನ್ ಹೊಡೀತಾ ಹೋದ್ರಿ ಅಂತ. ಮನೆಗೆ ಬಂದು ಹೇಳೋಕೆ ಏನು ಕಷ್ಟ?"

ಗಾಳಿ ಗೋಡೆಗೆ ಒರಗಿ ಕೂತಿದ್ದ. ತೊಡೆಯ ಮೇಲೆ ಫೋನು.

"ಭಾವ," ಎಂದ. "ನನಗೊಂದು ಮೆಸೇಜ್ ಬಂದಿದೆ. ಅರ್ಜಿ ತಿರಸ್ಕರಿಸಲಾಗಿದೆ, ಮುಂದೆ ಯಾವತ್ತೂ ಅರ್ಜಿ ಹಾಕುವಂತಿಲ್ಲ ಅಂತ. ಬೇರೆಯವರ ಐಡಿ ಬಳಸಿದ ಕಾರಣಕ್ಕೆ ಅಂತೆ."

"ಅವರಿಗೆಲ್ಲಾ ಹೇಗೋ ಗೊತ್ತಾಗತ್ತೆ," ಎಂದ ಮೀಸೆಯಣ್ಣ, ಚೀಲವನ್ನು ಗೂಟಕ್ಕೆ ಹಾಕುತ್ತಾ.

"ನನ್ನ ನಂಬರ್ ಹೇಗೆ ಗೊತ್ತಾಗತ್ತೆ ಭಾವ? ಓಡಿಸಿದ್ದು ನಿಮ್ಮ ಫೋನಲ್ಲಿ."

ಒಲೆಯ ಮುಂದಿದ್ದ ಅಕ್ಕ ತಿರುಗಿದಳು.

"ಹೇಳಿದ್ದು ನೀವಾ?" ಎಂದ ಗಾಳಿ.

ಇಲ್ಲ ಎಂದುಬಿಡಬಹುದಿತ್ತು. ಮೀಸೆಯಣ್ಣನಿಗೆ ಸುಳ್ಳು ಬಾಯಲ್ಲಿ ನಿಲ್ಲುವುದಿಲ್ಲ. ಆ ಒಂದು ಗುಣವೇ ಅವತ್ತು ಎರಡು ಸಲ ಮುಳುವಾಯಿತು.

"ಹೌದು ಕಣೋ, ನಾನೇ. ಹೇಳ್ದೆ ಇದ್ದಿದ್ರೆ ನನ್ನದೇ ಮುಚ್ಚೋರು. ಏನೀಗ?"

"ಏನಿಲ್ಲ ಭಾವ. ಮುಂಚೆ ಒಂದು ಮಾತು ನನಗೆ ಫೋನ್ ಮಾಡಿದ್ರೆ ನಾನೇ ಹೇಳಿ ಅಂತಿದ್ದೆ. ಅಷ್ಟೇ."

ಅವನು ಕೂಗಿದ್ದರೆ ಆಗುತ್ತಿತ್ತು. ಕೂಗಾಟಕ್ಕೆ ಕೂಗಾಟ ಸೇರಿ ಎಲ್ಲ ಹೊಗೆಯಾಗಿ ಹೋಗುತ್ತಿತ್ತು. ಆ ಮೆತ್ತಗಿನ ಮಾತು ಮೀಸೆಯಣ್ಣನಿಗೆ ಎಲ್ಲಿಗೋ ತಾಗಿತು.

"ಏನೋ ದೊಡ್ಡತನ ತೋರಿಸ್ತೀಯ? ನನ್ನ ಮೀಸೆ ಬೋಳಿಸಿದ್ದು ಯಾರು? ನನ್ನ ಐಡಿ ಹಾಳು ಮಾಡಿದ್ದು ಯಾರು? ನನ್ನ ಮುಖ ಇಟ್ಕೊಂಡು ದುಡಿದು, ನನ್ನ ಮನೇಲಿ ತಿಂದು ಬಿದ್ಕೊಂಡಿರೋನು ನನ್ನನ್ನೇ ಕೇಳ್ತೀಯಾ? ನಿನಗೆ ಅಂತ ಒಂದು ಮುಖ ಇದ್ದಿದ್ರೆ ನಿನ್ನ ಹೆಂಡ್ತಿ ಯಾಕೋ ಬಿಟ್ಟು ಹೋಗ್ತಿದ್ಲು!"

"ರೀ!" ಎಂದಳು ಹೆಂಡತಿ.

ಮಾತು ಆಡಿದರೆ ಹೋಯಿತು. ಮೀಸೆಯಣ್ಣನಿಗೆ ಅದು ಬಾಯಿಂದ ಹೊರಬೀಳುವಾಗಲೇ ಗೊತ್ತಾಗಿತ್ತು.

ಗಾಳಿ ಎದ್ದ. ಮೂಲೆಯಲ್ಲಿದ್ದ ಬಟ್ಟೆ ಚೀಲ ತೆಗೆದುಕೊಂಡ. ಒಣಗಲು ಹಾಕಿದ್ದ ಅಂಗಿಯನ್ನು ಹಗ್ಗದಿಂದ ಎಳೆದು ಅದರೊಳಗೆ ತುರುಕಿದ. ಗಾಳಿಯಂಥ ಗಾಳಿ ಯಾವ ಅವಸರವೂ ಇಲ್ಲದೆ ಒಂದೊಂದಾಗಿ ಮಾಡಿದ.

"ಎಲ್ಲಿಗೋ? ಊಟ ಬಡಿಸ್ತಿದೀನಿ. ಅವರ ಬಾಯಿ ನಿನಗೆ ಗೊತ್ತಿಲ್ವಾ? ಕೂತ್ಕೋ."

"ಹೋಗ್ತೀನಿ ಅಕ್ಕ."

"ಹೋಗ್ತೀನಿ ಅನ್ಬಾರ್ದು. ಬರ್ತೀನಿ ಅನ್ನೋ."

ಅವನು ಅಕ್ಕನ ಮುಖ ನೋಡಿದ. ಚಪ್ಪಲಿ ಮೆಟ್ಟಿ ಇಳಿದು ಹೋದ.

"ಚಹದಂಗಡಿ ತನಕ ಹೋಗ್ತಾನೆ, ಬರ್ತಾನೆ," ಎಂದ ಮೀಸೆಯಣ್ಣ. "ಎಲ್ಲಿಗೆ ಹೋಗ್ತಾನೆ? ಹೆಲ್ಮೆಟ್ ಇಲ್ಲೇ ಇದೆಯಲ್ಲ."

ಹೆಂಡತಿ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಬಾಗಿಲಲ್ಲಿ ಹೋಗಿ ನಿಂತಳು. ಫೋನು ಕಿಣಿಗುಟ್ಟಿತು. ನಿಮ್ಮ ಮುಖ ತೋರಿಸಿ. ಮೀಸೆಯಣ್ಣ ತಿರುಗಿ ನಿಂತು ಮುಖ ಕೊಟ್ಟ. ಆ್ಯಪ್ ಮೊದಲನೇ ಸಲಕ್ಕೇ ಒಪ್ಪಿತು.

ಗಾಳಿ ಬರಲಿಲ್ಲ. ಮರುದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ.